ಯಾರೂ ನೋಡದ ಗಂಟೆಗಳ ಲೆಕ್ಕ: ಮನೆ ಆರೈಕೆ ಸೇವೆಯ ಗುಣಮಟ್ಟ ಅಳೆಯುವ ಬಗೆ

ಹಾಸಿಗೆ ಹಿಡಿದವರ ಮನೆಮಂದಿ, ನರ್ಸ್‌ಗಳು ಮತ್ತು ಆರೈಕೆ ಸಂಸ್ಥೆಗಳ ಮೇಲ್ವಿಚಾರಕರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ

ಮನೆಗೆ ಬಂದು ಆರೈಕೆ ಮಾಡುವವರು ಹೇಗಿದ್ದಾರೆ ಎಂದು ಯಾರನ್ನಾದರೂ ಕೇಳಿ ನೋಡಿ. "ಒಳ್ಳೆಯವರು, ಹೊತ್ತಿಗೆ ಸರಿಯಾಗಿ ಬರುತ್ತಾರೆ, ನಗುನಗುತ್ತಾ ಮಾತಾಡಿಸುತ್ತಾರೆ" ಅನ್ನುತ್ತಾರೆ. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಹಿಮ್ಮಡಿಯ ಚರ್ಮ ಹೇಗಿದೆ, ರಾತ್ರಿಯ ಮಾತ್ರೆ ಎಷ್ಟು ಹೊತ್ತಿಗೆ ಹೋಯಿತು, ಮೂರು ತಿಂಗಳ ಹಿಂದೆ ತಾವೇ ಎದ್ದು ಕೂರುತ್ತಿದ್ದವರು ಈಗಲೂ ಕೂರುತ್ತಾರೋ ಇಲ್ಲವೋ, ಇವಕ್ಕೆ ಆ ಮಾತಿನಲ್ಲಿ ಉತ್ತರವಿಲ್ಲ.

ಆಸ್ಪತ್ರೆಯ ವಾರ್ಡಿನಲ್ಲಿ ಒಬ್ಬರ ಕೆಲಸ ಇನ್ನೊಬ್ಬರ ಕಣ್ಣಿಗೆ ಬೀಳುತ್ತದೆ. ಮನೆಯಲ್ಲಿ ಬಾಗಿಲು ಹಾಕಿದ ಮೇಲೆ ಇರುವುದು ಇಬ್ಬರೇ. ಅವರಲ್ಲಿ ಒಬ್ಬರು ಒಂದು ಲೋಟ ನೀರಿಗೂ ಇನ್ನೊಬ್ಬರನ್ನು ಕಾಯಬೇಕು. ಹಾಗಾಗಿ ಮನೆ ಆರೈಕೆಯ ಗುಣಮಟ್ಟ ಅಳೆಯುವುದು ಎಂದರೆ, ಯಾರೂ ನೋಡದ ಗಂಟೆಗಳಲ್ಲಿ ಏನು ನಡೆಯಿತು ಎಂಬುದನ್ನು ಅದು ಬಿಟ್ಟುಹೋದ ಗುರುತುಗಳಿಂದ ಓದುವುದು. ಆ ಗುರುತುಗಳು ಮೈಮೇಲಿರುತ್ತವೆ, ರಿಜಿಸ್ಟರಿನಲ್ಲಿರುತ್ತವೆ, ಕಪಾಟಿನ ಸಾಮಾನಿನಲ್ಲಿರುತ್ತವೆ. ಇವತ್ತಿನ ಮಾತು ಬಹುಪಾಲು ಅವುಗಳ ಸುತ್ತಲೇ.

ತೃಪ್ತಿಯ ಅಂಕಿ ಯಾಕೆ ಸಾಲದು

ಸಂಸ್ಥೆಗಳು ಮೊದಲು ತೋರಿಸುವುದು ತೃಪ್ತಿ ಸಮೀಕ್ಷೆಯನ್ನು. ಐದಕ್ಕೆ ನಾಲ್ಕೂವರೆ, ಐದಕ್ಕೆ ನಾಲ್ಕು ಮುಕ್ಕಾಲು. ಆರೈಕೆ ಪಡೆಯುವವರು ಕಡಿಮೆ ಅಂಕ ಕೊಡುವುದು ಅಪರೂಪ. ನಾಳೆ ಬೆಳಿಗ್ಗೆ ಮೈ ಒರೆಸಲು ಬರುವವರು ಇವರೇ ಎಂಬ ಅರಿವು ಅವರಿಗಿರುತ್ತದೆ. ಮನೆಯವರಾದರೋ ಇರುವ ಸೇವೆಯನ್ನು ಇನ್ನೂ ಒಳ್ಳೆಯ ಸೇವೆಯೊಡನೆ ಹೋಲಿಸುವುದಿಲ್ಲ, ಯಾರೂ ಬಾರದ ದಿನದೊಡನೆ ಹೋಲಿಸುತ್ತಾರೆ. ಆ ದಿನದ ಪಾಡು ನೆನೆದರೆ ಯಾರು ಬಂದರೂ ದೇವರೇ.

ಕೇಳಲೇಬೇಕೆಂದಿದ್ದರೆ ಅಭಿಪ್ರಾಯ ಕೇಳಬೇಡಿ, ನಡೆದದ್ದನ್ನು ಕೇಳಿ. "ಸಮಯಪಾಲನೆ ಹೇಗಿದೆ?" ಎಂದರೆ "ಚೆನ್ನಾಗಿದೆ" ಎಂಬ ಉತ್ತರ ಸಿದ್ಧವಾಗಿರುತ್ತದೆ. "ನಿನ್ನೆ ಎಷ್ಟು ಗಂಟೆಗೆ ಬಂದರು, ಎಷ್ಟು ಗಂಟೆಗೆ ಹೋದರು?", "ಕಳೆದ ನಾಲ್ಕು ವಾರದಲ್ಲಿ ಎಷ್ಟು ಬೇರೆ ಬೇರೆ ಮಂದಿ ಬಂದರು?", "ಬದಲಿಗೆ ಬಂದವರಿಗೆ ಕೆಲಸ ಹೇಳಿಕೊಟ್ಟವರು ಯಾರು?" ಎಂದು ಕೇಳಿದರೆ ಸಿಗುವ ಉತ್ತರ ಬೇರೆ. ಕೊನೆಯ ಪ್ರಶ್ನೆಗೆ "ನಾನೇ" ಎಂದು ಹಾಸಿಗೆಯಲ್ಲಿರುವವರು ಹೇಳಿದರೆ, ಆ ಸಂಸ್ಥೆಯಲ್ಲಿ ಕೆಲಸ ಒಪ್ಪಿಸಿ ಹೋಗುವ ಪದ್ಧತಿಯೇ ಇಲ್ಲವೆಂದು ಗೊತ್ತಾಗುತ್ತದೆ.

ಕಾಣುವುದು ಒಂದು, ಬೇಕಾದದ್ದು ಇನ್ನೊಂದು

ಆರೋಗ್ಯ ಸೇವೆಯ ಗುಣಮಟ್ಟವನ್ನು ರಚನೆ, ಪ್ರಕ್ರಿಯೆ, ಫಲಿತಾಂಶ ಎಂದು ಮೂರು ಪದರಗಳಲ್ಲಿ ನೋಡುವ ಕ್ರಮವನ್ನು 1966ರಲ್ಲಿ ಅವೆದಿಸ್ ಡೊನಬೀಡಿಯನ್ ಎಂಬ ವೈದ್ಯರು ಮುಂದಿಟ್ಟರು. ಇಂದಿಗೂ ಅದಕ್ಕಿಂತ ಸರಳವಾದ ಚೌಕಟ್ಟು ಬಂದಿಲ್ಲ. ರಚನೆ ಎಂದರೆ ತರಬೇತಿ, ಪ್ರಮಾಣಪತ್ರ, ಸಮವಸ್ತ್ರ, ಸಲಕರಣೆ. ಪ್ರಕ್ರಿಯೆ ಎಂದರೆ ನಿಜವಾಗಿ ಮಾಡುವ ಕೆಲಸ. ಫಲಿತಾಂಶ ಎಂದರೆ ರೋಗಿಗೆ ಕೊನೆಗೆ ಏನಾಯಿತು ಎಂಬುದು.

ಮನೆ ಆರೈಕೆಯಲ್ಲಿ ಜನ ರಚನೆಯನ್ನು ನೋಡಿಯೇ ಹಣ ಕೊಡುತ್ತಾರೆ, ಯಾಕೆಂದರೆ ಕಣ್ಣಿಗೆ ಬೀಳುವುದು ಅದೊಂದೇ. ಪ್ರಕ್ರಿಯೆ ಮುಚ್ಚಿದ ಬಾಗಿಲ ಹಿಂದಿದೆ. ಫಲಿತಾಂಶಕ್ಕೂ ಒಂದು ತೊಡಕಿದೆ: ಹಂತಹಂತವಾಗಿ ಏರುವ ಕಾಯಿಲೆಯವರು ಅತ್ಯುತ್ತಮ ಆರೈಕೆಯಲ್ಲೂ ಕುಗ್ಗುತ್ತಾರೆ, ಕಾಲು ಮುರಿದು ಚೇತರಿಸಿಕೊಳ್ಳುತ್ತಿರುವವರು ಸಾಧಾರಣ ಆರೈಕೆಯಲ್ಲೂ ಏಳುತ್ತಾರೆ. ಆದ್ದರಿಂದ ಮೊದಲ ದಿನ ಸ್ಥಿತಿ ಹೇಗಿತ್ತು ಎಂಬ ದಾಖಲೆ ಇಲ್ಲದಿದ್ದರೆ ಮುಂದೆ ಮಾಡುವ ಯಾವ ಮೌಲ್ಯಮಾಪನಕ್ಕೂ ಬುಡವಿಲ್ಲ.

ಮೊದಲ ದಿನದ ದಾಖಲೆಯಲ್ಲಿ ಇರಲೇಬೇಕಾದವು ಹೆಚ್ಚೇನಿಲ್ಲ. ಬಾರ್ತೆಲ್ ಸೂಚ್ಯಂಕ: 1965ರಿಂದ ಬಳಕೆಯಲ್ಲಿರುವ ಇದು ಊಟ, ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಮಲಮೂತ್ರ ಹಿಡಿತ, ಹಾಸಿಗೆಯಿಂದ ಕುರ್ಚಿಗೆ ಹೋಗುವುದು, ಮೆಟ್ಟಿಲು ಹತ್ತುವುದು ಮುಂತಾದ ಹತ್ತು ಕೆಲಸಗಳಿಗೆ ಒಟ್ಟು 100 ಅಂಕ ಕೊಡುತ್ತದೆ; ಹತ್ತು ನಿಮಿಷದ ಕೆಲಸ. ನೆತ್ತಿಯಿಂದ ಅಂಗಾಲಿನವರೆಗೆ ಚರ್ಮದ ಪರೀಕ್ಷೆ, ಇರುವ ಗಾಯಗಳ ಅಳತೆ ಸೆಂಟಿಮೀಟರಿನಲ್ಲಿ. ತೂಕ, ನಿಲ್ಲಲಾಗದವರಿಗೆ ಮೀನಖಂಡದ ಸುತ್ತಳತೆ (ವಯಸ್ಸಾದವರಲ್ಲಿ 31 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಸ್ನಾಯು ಕರಗಿದೆ ಎಂಬ ಸಂಶಯ), ಕಾಲು ಊದಿದ್ದರೆ ತೋಳಿನ ಸುತ್ತಳತೆ. ನಡೆಯುವವರಾದರೆ ಕುರ್ಚಿಯಿಂದೆದ್ದು 3 ಮೀಟರ್ ನಡೆದು, ತಿರುಗಿ ಬಂದು ಕೂರಲು ಹಿಡಿಯುವ ಸಮಯ. 12 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಬೀಳುವ ಅಪಾಯವಿದೆ ಎಂದು ಲೆಕ್ಕ. ಕೊನೆಗೆ ಮಾತ್ರೆಗಳ ಪಟ್ಟಿ. ಅದನ್ನು ವೈದ್ಯರ ಚೀಟಿಯಿಂದ ನಕಲು ಮಾಡಿದರೆ ಸಾಲದು, ಮನೆಯಲ್ಲಿರುವ ಸ್ಟ್ರಿಪ್‌ಗಳನ್ನೆಲ್ಲ ಮೇಜಿನ ಮೇಲೆ ಹರಡಿ ತಾಳೆ ನೋಡಿ ಬರೆಯಬೇಕು. ಒಂದೇ ಔಷಧ ಎರಡು ಬ್ರ್ಯಾಂಡ್ ಹೆಸರಿನಲ್ಲಿ ಎರಡು ಸಲ ಹೋಗುತ್ತಿರುವುದು ಹೊರಬೀಳುವುದು ಆಗಲೇ.

ಇದ್ಯಾವುದನ್ನೂ ಮಾಡದೆ, ಫೋನಿನಲ್ಲಿ ವಿಳಾಸ ಕೇಳಿ ಮರುದಿನವೇ ಆರೈಕೆಗಾರರನ್ನು ಕಳಿಸುವ ಸಂಸ್ಥೆಯ ಗುಣಮಟ್ಟದ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಅದು ಕಳಿಸುತ್ತಿರುವುದು ಆಳನ್ನು, ಆರೈಕೆಯನ್ನಲ್ಲ.

ಆರೈಕೆ ಯೋಜನೆಗೂ ಒಂದು ಸುಲಭ ಪರೀಕ್ಷೆಯಿದೆ. ರೋಗಿಯನ್ನು ಎಂದೂ ನೋಡದ ಆರೈಕೆಗಾರರೊಬ್ಬರು ಆ ಹಾಳೆಯನ್ನು ಮಾತ್ರ ಓದಿ ಬೆಳಗಿನ ಕೆಲಸ ಮುಗಿಸಬಲ್ಲರೇ? "ಸ್ನಾನಕ್ಕೆ ಸಹಾಯ ಮಾಡುವುದು" ಎಂದಷ್ಟೇ ಬರೆದಿದ್ದರೆ ಆಗದು. "ಮುಖ, ಎದೆ, ಬಲಗೈ ತಾವೇ ಒರೆಸಿಕೊಳ್ಳುತ್ತಾರೆ, ಬೆನ್ನು, ಕಾಲು ನಾವು, ಎಡಗೈಯನ್ನು ಎಳೆಯಬಾರದು, ಬಟ್ಟೆ ತೊಡಿಸುವಾಗ ಮೊದಲು ಎಡಗೈ, ತೆಗೆಯುವಾಗ ಕೊನೆಗೆ ಎಡಗೈ" ಎಂದಿದ್ದರೆ ಆಗುತ್ತದೆ.

ಚರ್ಮ ಎಂಬ ದಿನಚರಿ

ಹಾಸಿಗೆ ಹಿಡಿದವರ ಆರೈಕೆಯಲ್ಲಿ ಒಂದೇ ಒಂದು ಸಂಗತಿ ನೋಡಲು ಅವಕಾಶವಿದೆ ಎಂದಾದರೆ ಚರ್ಮ ನೋಡಿ. ಮಗ್ಗುಲು ಬದಲಿಸಿದ್ದು, ಒದ್ದೆ ಬದಲಿಸಿದ್ದು, ಹೊಟ್ಟೆಗೆ ಹೋದದ್ದು, ಎತ್ತುವಾಗ ಎಳೆದದ್ದು, ಎಲ್ಲವೂ ಅಲ್ಲಿ ದಾಖಲಾಗುತ್ತವೆ.

ನೋಡಬೇಕಾದ ಜಾಗಗಳು: ಸೊಂಟದ ಕೆಳಗಿನ ತ್ರಿಕೋನ ಮೂಳೆ, ಎರಡು ಹಿಮ್ಮಡಿ, ತೊಡೆಯ ಹೊರಬದಿಯ ಮೂಳೆ, ಮೊಣಕೈ, ಮಂಡಿಗಳ ನಡುವೆ, ತಲೆಯ ಹಿಂಭಾಗ. ಜನ ಮರೆಯುವ ಜಾಗಗಳೂ ಇವೆ: ಆಕ್ಸಿಜನ್ ನಳಿಕೆ ಒತ್ತುವ ಕಿವಿಯ ಹಿಂದೆ, ರೈಲ್ಸ್ ಟ್ಯೂಬ್ (ಮೂಗಿನಿಂದ ಹೊಟ್ಟೆಗಿಳಿಸಿದ ಆಹಾರದ ನಳಿಕೆ) ಅಂಟಿಸಿದ ಮೂಗಿನ ಹೊಳ್ಳೆ, ಮೂತ್ರ ಹೊರಬಿಡುವ ಕ್ಯಾಥೆಟರ್ ನಳಿಕೆ ತೊಡೆಯಡಿ ಸಿಕ್ಕಿಕೊಂಡ ಗೆರೆ. ಕೆಂಪಾಗಿರುವಲ್ಲಿ ಬೆರಳಿನಿಂದ ಮೂರು ಸೆಕೆಂಡ್ ಒತ್ತಿ ಬಿಡಿ. ಬಣ್ಣ ಬಿಳಿಚಿ ಮತ್ತೆ ಕೆಂಪಾದರೆ ರಕ್ತ ಸಂಚಾರವಿದೆ. ಒತ್ತಿದರೂ ಬಿಳಿಚದೆ ಕೆಂಪಾಗಿಯೇ ಉಳಿದರೆ ಅದು ಒತ್ತಡದ ಹುಣ್ಣಿನ ಮೊದಲ ಹಂತ, ಚರ್ಮ ಒಡೆದಿರಬೇಕೆಂದೇನಿಲ್ಲ.

ಕಪ್ಪು ಅಥವಾ ಗೋಧಿ ಬಣ್ಣದ ಚರ್ಮದಲ್ಲಿ ಈ ಕೆಂಪು ಸರಿಯಾಗಿ ಕಾಣುವುದಿಲ್ಲ. ಕೆಂಪನ್ನೇ ಹುಡುಕುತ್ತಾ ಕುಳಿತರೆ ಮೊದಲ ಹಂತ ಕೈತಪ್ಪಿ, ಚರ್ಮ ಒಡೆದ ಮೇಲೆಯೇ ಗೊತ್ತಾಗುತ್ತದೆ. ಅಲ್ಲಿ ಕೈಗೆ ಕೆಲಸ: ಸುತ್ತಲಿನ ಚರ್ಮಕ್ಕಿಂತ ಬಿಸಿಯೋ ತಣ್ಣಗೋ, ಗಟ್ಟಿಯೋ ಮೆತ್ತಗೋ, ಮುಟ್ಟಿದರೆ ನೋವೋ, ಬಣ್ಣ ನೇರಳೆ ಕಡೆಗೆ ತಿರುಗಿದೆಯೋ. ಬೆಳಕು ಕಿಟಕಿಯದಿರಲಿ.

ಇನ್ನೊಂದು ಸೂಕ್ಷ್ಮ, ಇದನ್ನು ಮೌಲ್ಯಮಾಪನ ಮಾಡುವವರೇ ಹೆಚ್ಚಾಗಿ ಮರೆಯುತ್ತಾರೆ. ಒಳಗಿನ ಮಾಂಸಕ್ಕೆ ಆದ ಪೆಟ್ಟು ಮೇಲೆ ನೇರಳೆ ಮಚ್ಚೆಯಾಗಿ ಕಾಣಿಸಿಕೊಳ್ಳಲು 48ರಿಂದ 72 ಗಂಟೆ ಹಿಡಿಯುತ್ತದೆ. ಮಂಗಳವಾರ ಕಂಡದ್ದಕ್ಕೆ ಮಂಗಳವಾರ ಡ್ಯೂಟಿಯಲ್ಲಿದ್ದವರನ್ನು ಬೈದು ಪ್ರಯೋಜನವಿಲ್ಲ. ಶನಿವಾರ, ಭಾನುವಾರ ಯಾರಿದ್ದರು ಎಂದು ನೋಡಬೇಕು. ಹಾಗೆ ಹಿಂದಕ್ಕೆ ಎಣಿಸುತ್ತಾ ಹೋದರೆ ಬಹಳ ಸಲ ಸಿಗುವುದು ರಜೆಯ ದಿನದ ಬದಲಿ ಆಳು, ಇಲ್ಲವೇ ಯಾರೂ ಬಾರದ ಒಂದು ರಾತ್ರಿ.

ಹುಣ್ಣು ಇಲ್ಲದಿದ್ದರೂ ವಿಧಾನ ಸರಿಯೇ ಎಂದು ನೋಡಬಹುದು. ಮಗ್ಗುಲಾಗಿಸುವಾಗ ಪೂರ್ತಿ 90 ಡಿಗ್ರಿ ತಿರುಗಿಸಿದರೆ ಇಡೀ ಭಾರ ತೊಡೆಯ ಮೂಳೆಯ ಮೇಲೆ ಬೀಳುತ್ತದೆ. ಬೆನ್ನಿಗೆ ದಿಂಬು ಕೊಟ್ಟು 30 ಡಿಗ್ರಿಯಷ್ಟು ವಾಲಿಸುವುದು ಸರಿಯಾದ ಕ್ರಮ. ದಿಂಬು ಇರಬೇಕಾದದ್ದು ಮೀನಖಂಡದ ಕೆಳಗೆ, ಹಿಮ್ಮಡಿ ಗಾಳಿಯಲ್ಲಿ ತೇಲುವಂತೆ. ಹಿಮ್ಮಡಿಯ ಕೆಳಗೇ ಮೆತ್ತೆ ಇಟ್ಟಿದ್ದರೆ ತರಬೇತಿ ಸಾಲದು. ನಡುವೆ ತೂತಿರುವ ಉಂಗುರದ ಮೆತ್ತೆ ಕಂಡರೆ ತೆಗೆಸಿ, ಅದು ಸುತ್ತಲಿನ ರಕ್ತ ಸಂಚಾರವನ್ನೇ ಕಟ್ಟಿಹಾಕುತ್ತದೆ. ಕೆಂಪಾದ ಮೂಳೆಯ ಮೇಲೆ ಎಣ್ಣೆ ಹಚ್ಚಿ ತಿಕ್ಕುವುದೂ ಬೇಡ, ಒಳಗಿನ ಮಾಂಸ ಇನ್ನಷ್ಟು ಹಾಳಾಗುತ್ತದೆ. ಅಪಾಯ ಎಷ್ಟಿದೆ ಎಂದು ಅಂದಾಜು ಮಾಡಲು ಬ್ರೇಡನ್ ಮಾಪಕವಿದೆ: 6ರಿಂದ 23ರವರೆಗೆ ಅಂಕ, 18 ಅಥವಾ ಕಡಿಮೆ ಬಂದರೆ ಅಪಾಯದಲ್ಲಿದ್ದಾರೆ. ಆ ಅಂಕ ಫೈಲಿನಲ್ಲಿದ್ದೂ ಹಾಸಿಗೆಯಲ್ಲಿ ಏನೂ ಬದಲಾಗಿಲ್ಲವಾದರೆ ಅಂಕ ಹಾಕಿದ್ದು ಕಾಟಾಚಾರಕ್ಕೆ.

ಚರ್ಮದ ಜೊತೆಗೆ ಬಾಯಿ. ಟಾರ್ಚ್ ಹಿಡಿದು ನಾಲಗೆ, ಅಂಗುಳ, ದವಡೆಯ ಒಳಬದಿ ನೋಡಿ. ಒಣಗಿದ ಪೊರೆ, ಬಿಳಿ ಪದರ, ಕೆನ್ನೆಯೊಳಗೆ ಉಳಿದ ಮಾತ್ರೆ. ಬಾಯಿ ಸ್ವಚ್ಛಗೊಳಿಸದೆ ಬಿಟ್ಟವರಲ್ಲಿ ಅಲ್ಲಿನ ಸೂಕ್ಷ್ಮಜೀವಿಗಳು ಎಂಜಲಿನ ಜೊತೆ ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ತರುತ್ತವೆ. ಮುಖ ತೊಳೆದು, ತಲೆ ಬಾಚಿ, ಪೌಡರ್ ಹಚ್ಚಿ ಕೂರಿಸಿದವರ ಬಾಯಿ ತೆರೆಸಿ ನೋಡಿದಾಗ ಸಿಗುವ ಸುದ್ದಿ ಬೇರೆಯೇ ಇರುತ್ತದೆ.

ರಿಜಿಸ್ಟರ್ ಓದುವ ಕಲೆ

ಎಲ್ಲ ಚೌಕದಲ್ಲೂ ಟಿಕ್ ಇರುವ ಚಾರ್ಟನ್ನು ನಂಬಬೇಡಿ. ನಿಜವಾದ ಆರೈಕೆಯಲ್ಲಿ "ನಿದ್ದೆಯಲ್ಲಿದ್ದರು, ಎಬ್ಬಿಸಲಿಲ್ಲ", "ಬೇಡವೆಂದರು", "ಅರ್ಧ ಬಿಟ್ಟರು" ಎಂಬ ನಮೂದುಗಳು ಇದ್ದೇ ಇರುತ್ತವೆ. ಒಂದು ತಿಂಗಳಲ್ಲಿ ಒಮ್ಮೆಯೂ ಊಟ ಬೇಡವೆನ್ನದ ಕಾಯಿಲೆಯವರು ಕಾಗದದ ಮೇಲೆ ಮಾತ್ರ ಇರುತ್ತಾರೆ.

ಬಿಪಿಯ ಅಂಕಿಗಳನ್ನು ನೋಡಿ. ಡಿಜಿಟಲ್ ಯಂತ್ರದಲ್ಲಿ ಕೊನೆಯ ಅಂಕಿ 0ಯಿಂದ 9ರವರೆಗೆ ಯಾವುದೂ ಬರಬಹುದು, ಹೆಚ್ಚುಕಡಿಮೆ ಸಮನಾಗಿ ಬರುತ್ತದೆ. ಸಾಲುಸಾಲಾಗಿ 120/80, 130/80, 130/90 ಇದ್ದರೆ ಯಂತ್ರವನ್ನು ಪೆಟ್ಟಿಗೆಯಿಂದ ಹೊರಗೆ ತೆಗೆದೇ ಇಲ್ಲ. ಅದೇ ಕೈಯಿಂದ ಪಂಪ್ ಮಾಡುವ ಮೀಟರಿನಲ್ಲಿ ಗೆರೆಗಳು 2 ಮಿಲಿಮೀಟರಿಗೊಂದು. ಅಲ್ಲಿ 127/83 ಎಂಬಂಥ ಬೆಸಸಂಖ್ಯೆ ಬಂದರೆ ಅದೂ ಕಟ್ಟುಕತೆ. ಉಸಿರಿನ ಸಂಖ್ಯೆ ಎಲ್ಲ ದಿನವೂ 20 ಎಂದಿದ್ದರೆ ಯಾರೂ ಎಣಿಸಿಲ್ಲ. ಅನೇಕ ಡಿಜಿಟಲ್ ಬಿಪಿ ಮತ್ತು ಶುಗರ್ ಯಂತ್ರಗಳು ಹಳೆಯ ಅಳತೆಗಳನ್ನು ನೆನಪಿಟ್ಟುಕೊಳ್ಳುತ್ತವೆ. ಗಡಿಯಾರ ಸರಿಯಿದ್ದರೆ ಬಟನ್ ಒತ್ತಿ ರಿಜಿಸ್ಟರಿನ ಜೊತೆ ತಾಳೆ ನೋಡುವುದು ಐದು ನಿಮಿಷದ ಕೆಲಸ.

ಹೇಳದೆ ಕೇಳದೆ ಹನ್ನೊಂದು ಗಂಟೆಗೆ ಹೋದಾಗ ಮಧ್ಯಾಹ್ನ ಎರಡರ ಕಾಲಂ ಆಗಲೇ ತುಂಬಿದೆಯೇ ಎಂದು ನೋಡುವುದು ಎಲ್ಲರಿಗೂ ತಿಳಿದ ಉಪಾಯ. ಅದಕ್ಕಿಂತ ಒಳ್ಳೆಯದು ಗಣಿತ. ಒಬ್ಬರೇ ಆರೈಕೆಗಾರರು ಮನೆಯಲ್ಲೇ ಉಳಿದು 24 ಗಂಟೆಯ ಡ್ಯೂಟಿ ಮಾಡುತ್ತಿದ್ದಾರೆ, ಮಗ್ಗುಲಿನ ಚಾರ್ಟಿನಲ್ಲಿ ರಾತ್ರಿ 10, 12, 2, 4, ಬೆಳಿಗ್ಗೆ 6 ಎಂದು ತಿಂಗಳಿಡೀ ಟಿಕ್ ಇದೆ ಎಂದುಕೊಳ್ಳಿ. ಹಾಗಾದರೆ ಆ ಮನುಷ್ಯ ತಿಂಗಳಿಡೀ ಎರಡು ಗಂಟೆ ಒಟ್ಟಿಗೆ ಮಲಗಿಲ್ಲ. ಇದು ಸಾಧ್ಯವಿಲ್ಲ ಎಂದು ಸಂಸ್ಥೆಗೂ ಗೊತ್ತು, ಆದರೂ ಸಹಿ ಹಾಕುತ್ತದೆ. ತಪ್ಪು ಆರೈಕೆಗಾರರದ್ದಲ್ಲ, ಡ್ಯೂಟಿ ಹಾಕಿದವರದ್ದು. ಪರಿಹಾರ ಎರಡೇ: ರಾತ್ರಿಗೆ ಬೇರೆ ಆಳು, ಅಥವಾ ಗಾಳಿ ತುಂಬಿ ಒತ್ತಡ ಬದಲಿಸುವ ಹಾಸಿಗೆ ಹಾಕಿ, ಚರ್ಮ ನೋಡಿಕೊಂಡು, ನರ್ಸ್ ಸಲಹೆಯಂತೆ ರಾತ್ರಿಯ ಅಂತರವನ್ನು ಹೆಚ್ಚಿಸುವುದು. ಚಾರ್ಟಿನಲ್ಲಿ ನಾಲ್ಕು ಗಂಟೆ ಎಂದು ಬರೆದು ನಾಲ್ಕು ಗಂಟೆಗೊಮ್ಮೆ ಮಾಡುವುದು, ಎರಡೆಂದು ಬರೆದು ಎಂಟು ಗಂಟೆ ಬಿಡುವುದಕ್ಕಿಂತ ಎಷ್ಟೋ ಮೇಲು.

ಸಾಮಾನಿನ ಲೆಕ್ಕ ಸುಳ್ಳು ಹೇಳುವುದಿಲ್ಲ. ದಿನಕ್ಕೆ ನಾಲ್ಕು ಸಲ ಡೈಪರ್ ಬದಲಿಸಿದ್ದೇವೆ ಎಂದು ರಿಜಿಸ್ಟರ್ ಹೇಳುತ್ತದೆ. ವಾರದ ಮೊದಲು 30 ಇದ್ದವು, ಏಳು ದಿನಕ್ಕೆ 28 ಖರ್ಚಾಗಿ 2 ಉಳಿಯಬೇಕು. 11 ಉಳಿದಿದ್ದರೆ ದಿನಕ್ಕೆ ಮೂರು ಕೂಡ ಬದಲಿಸಿಲ್ಲ. ಮಾತ್ರೆಯೂ ಹಾಗೆಯೇ: 30ರ ಸ್ಟ್ರಿಪ್, ದಿನಕ್ಕೆ ಎರಡು, 12 ದಿನ ಕಳೆದರೆ 6 ಉಳಿಯಬೇಕು. ಹೆಚ್ಚು ಉಳಿದರೆ ಡೋಸ್ ತಪ್ಪಿದೆ, ಕಡಿಮೆ ಉಳಿದರೆ ಎರಡೆರಡು ಸಲ ಹೋಗಿದೆ. ಗ್ಲೌಸ್ ಡಬ್ಬಿ ತಿಂಗಳಾದರೂ ಖಾಲಿಯಾಗದಿದ್ದರೆ ಅದಕ್ಕೆ ವಿವರಣೆ ಬೇಕಿಲ್ಲ.

ಮಾತ್ರೆ, ನಳಿಕೆ, ಕೈ

ಔಷಧದಲ್ಲಿ ಡೋಸ್ ಕೊಟ್ಟರೇ ಎಂಬುದರಷ್ಟೇ ಮುಖ್ಯ ಹೇಗೆ ಕೊಟ್ಟರು ಎಂಬುದು. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯನ್ನು ಪುಡಿ ಮಾಡಿ ನಳಿಕೆಗೆ ಹಾಕಿದರೆ ಇಡೀ ದಿನದ ಔಷಧ ಒಂದೇ ಏಟಿಗೆ ಮೈಗೆ ಸೇರುತ್ತದೆ. ಕರುಳಿನಲ್ಲಿ ಕರಗಲೆಂದು ಲೇಪ ಹಚ್ಚಿದ್ದನ್ನೂ ಪುಡಿ ಮಾಡಬಾರದು. ಬಳಕೆಯಲ್ಲಿರುವ ಇನ್ಸುಲಿನ್ ಬಾಟಲಿಯ ಮೇಲೆ ತೆರೆದ ದಿನಾಂಕ ಬರೆದಿದೆಯೇ ನೋಡಿ; ಬಹುತೇಕ ಇನ್ಸುಲಿನ್‌ಗಳನ್ನು ತೆರೆದ ಮೇಲೆ ಸುಮಾರು 28 ದಿನದೊಳಗೆ ಬಳಸಬೇಕು. ಹೊಟ್ಟೆಯ ಚರ್ಮವನ್ನು ಸವರಿ, ಒಂದೇ ಜಾಗಕ್ಕೆ ಚುಚ್ಚಿ ಚುಚ್ಚಿ ಗಂಟಾಗಿದ್ದರೆ ಕೈಗೆ ಸಿಗುತ್ತದೆ. ಆ ಗಂಟಿನೊಳಗೆ ಹಾಕಿದ ಇನ್ಸುಲಿನ್ ಸರಿಯಾಗಿ ಹೀರಿಕೊಳ್ಳದೆ ಶುಗರ್ ಏರುಪೇರಾಗುತ್ತದೆ. ಇದನ್ನು ನೋಡದೆ ಡೋಸ್ ಹೆಚ್ಚಿಸುತ್ತಾ ಹೋಗುವುದು ಅಪಾಯ. ಪಾರ್ಕಿನ್ಸನ್ ಕಾಯಿಲೆಗೆ ಲೆವೊಡೋಪ ತೆಗೆದುಕೊಳ್ಳುವವರಲ್ಲಿ ಅರ್ಧ ಗಂಟೆಯ ತಡವೂ ಮೈ ಸೆಟೆದು ನಿಲ್ಲುವಂತೆ ಮಾಡಬಹುದು. ಅಂಥ ಮನೆಗೆ "ಬೆಳಿಗ್ಗೆ 7ರಿಂದ 10ರೊಳಗೆ ಬರುತ್ತೇವೆ" ಎನ್ನುವ ಸೇವೆ ಲಾಯಕ್ಕಿಲ್ಲ.

"ಈಗ ತುಂಬಾ ಶಾಂತವಾಗಿದ್ದಾರೆ, ಗಲಾಟೆಯೇ ಇಲ್ಲ" ಎಂದು ಮನೆಯವರು ಹೊಗಳಿದಾಗ ನಿದ್ದೆ ಮಾತ್ರೆಯ ಸ್ಟ್ರಿಪ್ ಎಣಿಸುವುದನ್ನು ಮರೆಯಬೇಡಿ.

ರೈಲ್ಸ್ ಟ್ಯೂಬಿನಲ್ಲಿ ಆಹಾರ ಕೊಡುವಾಗ ತಲೆಯ ಭಾಗ 30ರಿಂದ 45 ಡಿಗ್ರಿ ಎತ್ತರಿಸಿರಬೇಕು, ಕೊಟ್ಟ ಮೇಲೂ ಅರ್ಧದಿಂದ ಒಂದು ಗಂಟೆ ಹಾಗೆಯೇ ಇರಬೇಕು. ಮೂಗಿನ ಬಳಿ ನಳಿಕೆಯ ಮೇಲೆ ಗುರುತಿದ್ದು, ಪ್ರತಿ ಸಲ ಅದು ಜಾರಿಲ್ಲವೆಂದು ನೋಡಿರಬೇಕು. ಗಾಳಿ ತಳ್ಳಿ ಹೊಟ್ಟೆಯ ಮೇಲೆ ಸ್ಟೆತಸ್ಕೋಪ್ ಇಟ್ಟು ಸದ್ದು ಕೇಳುವ ಹಳೆಯ ವಿಧಾನವನ್ನು ನಂಬುವಂತಿಲ್ಲ, ನಳಿಕೆ ಶ್ವಾಸಕೋಶದಲ್ಲಿದ್ದರೂ ಸದ್ದು ಬರುತ್ತದೆ. ಅದರ ಬದಲು, ನಳಿಕೆಯಿಂದ ಹೊರತೆಗೆದ ದ್ರವದ ಪಿಎಚ್ (ಆಮ್ಲೀಯತೆಯ ಅಳತೆ) 5.5 ಅಥವಾ ಕಡಿಮೆ ಇರಬೇಕು. ಯೂರಿನ್ ಬ್ಯಾಗ್ ಮೂತ್ರಕೋಶಕ್ಕಿಂತ ಕೆಳಗಿರಬೇಕು, ನೆಲಕ್ಕೆ ತಾಗಬಾರದು, ಮೂರರಲ್ಲಿ ಎರಡು ಪಾಲು ತುಂಬುವುದರೊಳಗೆ ಖಾಲಿ ಮಾಡಬೇಕು. ರೋಗಿಯನ್ನು ಕುರ್ಚಿಗೆ ಕೂರಿಸುವಾಗ ಆ ಬ್ಯಾಗನ್ನು ಮಡಿಲಲ್ಲಿಟ್ಟು ಎತ್ತುವುದು ಬಹಳ ಸಾಮಾನ್ಯವಾದ ತಪ್ಪು; ನಳಿಕೆಯಲ್ಲಿದ್ದ ಮೂತ್ರ ವಾಪಸು ಒಳಗೆ ಹರಿಯುತ್ತದೆ.

ಕೈ ತೊಳೆಯುವುದರ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2009ರ ಮಾರ್ಗಸೂಚಿಯಲ್ಲಿ ಐದು ಸಂದರ್ಭಗಳನ್ನು ಹೇಳಿದೆ; ಸ್ಯಾನಿಟೈಸರ್ ಆದರೆ 20ರಿಂದ 30 ಸೆಕೆಂಡ್, ಸೋಪು ನೀರಾದರೆ ಒಟ್ಟು 40ರಿಂದ 60 ಸೆಕೆಂಡ್. ಮನೆಯಲ್ಲಿ ಗಮನಿಸಬೇಕಾದ್ದು ಡೈಪರ್ ಬದಲಿಸಿದ ಗ್ಲೌಸ್ ಮುಂದೆ ಏನೇನನ್ನು ಮುಟ್ಟುತ್ತದೆ ಎಂಬುದು. ಅದು ಹೊದಿಕೆ, ಸ್ವಿಚ್ಚು, ನೀರಿನ ಲೋಟದವರೆಗೆ ಹೋದರೆ ಗ್ಲೌಸ್ ಕಾಪಾಡುತ್ತಿರುವುದು ಹಾಕಿಕೊಂಡವರನ್ನು ಮಾತ್ರ.

ಒಂದು ಎತ್ತುವಿಕೆ

ಆರೈಕೆಗಾರರ ಕೌಶಲ ತಿಳಿಯಲು ಹಾಸಿಗೆಯಿಂದ ಗಾಲಿಕುರ್ಚಿಗೆ ಒಮ್ಮೆ ಕೂರಿಸುವುದನ್ನು ಪೂರ್ತಿ ನೋಡಿ. ಪಾರ್ಶ್ವವಾಯುವಿನಿಂದ ಎಡಭಾಗ ಸೋತವರು ಎಂದಿಟ್ಟುಕೊಳ್ಳಿ. ಕುರ್ಚಿಯನ್ನು ಗಟ್ಟಿಯಿರುವ ಬಲಬದಿಗೆ, ಹಾಸಿಗೆಗೆ ಓರೆಯಾಗಿ ತಂದರೇ? ಎರಡೂ ಬ್ರೇಕ್ ಹಾಕಿದರೇ, ಪಾದದ ತಟ್ಟೆ ಮಡಚಿದರೇ? ಮಂಚದ ಅಂಚಿಗೆ ಕೂರಿಸಿದ ಮೇಲೆ ತಲೆ ಸುತ್ತು ಇದೆಯೇ ಎಂದು ಕೇಳಿ ಒಂದು ನಿಮಿಷವಾದರೂ ಕಾದರೇ? ಪಾದ ನೆಲಕ್ಕೆ ಪೂರ್ತಿ ಊರಿದೆಯೇ, ಬರೀ ಕಾಲುಚೀಲದಲ್ಲಿ ಜಾರುತ್ತಿದೆಯೇ? ಮುಂದಕ್ಕೆ ಬಾಗಲು ಹೇಳಿ, ಒಂದು ಎರಡು ಮೂರು ಎಂದು ಎಣಿಸಿ, ಅವರ ಬಲಗಾಲಿನ ಶಕ್ತಿಯನ್ನು ಬಳಸಿಕೊಂಡರೇ, ಇಲ್ಲ ಕಂಕುಳಿಗೆ ಕೈ ಹಾಕಿ ಮೂಟೆಯಂತೆ ಎತ್ತಿದರೇ? ಸೋತ ತೋಳನ್ನು ಹಿಡಿದೆಳೆದರೆ ಭುಜದ ಕೀಲು ಜಾರುತ್ತದೆ, ಆ ನೋವು ತಿಂಗಳುಗಟ್ಟಲೆ ಉಳಿಯುತ್ತದೆ. ಪೂರ್ತಿ ನೋಡಲು ನಾಲ್ಕೈದು ನಿಮಿಷ ಸಾಕು. ತರಬೇತಿ, ತಾಳ್ಮೆ, ರೋಗಿಯ ಜೊತೆಗಿನ ಮಾತು ಮೂರೂ ಇಲ್ಲಿ ಒಟ್ಟಿಗೆ ಹೊರಬೀಳುತ್ತವೆ.

ಇದರ ಜೊತೆಗೇ ಬರುವ, ಮನೆಯವರಿಗೆ ಹೇಳಿದರೆ ಬೇಸರವಾಗುವ ಒಂದು ಮಾತಿದೆ. ಎಲ್ಲವನ್ನೂ ಮಾಡಿಕೊಡುವ ಆರೈಕೆಗಾರರು ಒಳ್ಳೆಯ ಆರೈಕೆಗಾರರಲ್ಲ. ತಾವೇ ಉಣ್ಣಬಲ್ಲವರಿಗೆ ಬೇಗ ಮುಗಿಯಲೆಂದು ತಿನ್ನಿಸುವುದು, ಕೈ ಹಿಡಿದರೆ ಶೌಚಾಲಯಕ್ಕೆ ನಡೆಯಬಲ್ಲವರಿಗೆ ಡೈಪರ್ ಕಟ್ಟುವುದು, ಇವು ನೋಡಲು ಸೇವೆ. ಆದರೆ ಮೂರೇ ತಿಂಗಳಲ್ಲಿ ಬಾರ್ತೆಲ್ ಅಂಕ ಇಳಿದಿರುತ್ತದೆ. ಅಂಕ ಇಳಿದದ್ದು ಕಾಯಿಲೆಯಿಂದಲೋ ಅತಿ ಆರೈಕೆಯಿಂದಲೋ ಎಂದು ತಿಳಿಯಲು, ಯಾವ ಯಾವ ಕೆಲಸದಲ್ಲಿ ಇಳಿದಿದೆ ಎಂದು ನೋಡಿ. ಊಟ, ಶೌಚ, ಬಟ್ಟೆಯಲ್ಲಿ ಮಾತ್ರ ಇಳಿದು ಕೈಯ ಬಲ ಮೊದಲಿನಷ್ಟೇ ಇದ್ದರೆ ಕಾಯಿಲೆಯನ್ನು ದೂರುವಂತಿಲ್ಲ.

ಸಮಯ ಮತ್ತು ಮುಖಗಳು

ಬಂದು ಹೋಗುವ ಸೇವೆಯಲ್ಲಿ, ಎಂದರೆ ದಿನಕ್ಕೆ ಒಂದೆರಡು ಸಲ ಭೇಟಿ ಕೊಡುವಲ್ಲಿ, ಅಳೆಯಬೇಕಾದವು ತಪ್ಪಿದ ಭೇಟಿ, ತಡವಾದ ಭೇಟಿ, ಮೊಟಕಾದ ಭೇಟಿ. ತಡ ಎಂದರೆ 15 ನಿಮಿಷವೋ 30 ನಿಮಿಷವೋ ಎಂದು ಒಪ್ಪಂದದಲ್ಲೇ ಬರೆದಿರಬೇಕು. ಇಲ್ಲಿ ನಡೆಯುವ ಚಮತ್ಕಾರ ಏನೆಂದರೆ, ತಪ್ಪಿದ ಭೇಟಿಯನ್ನು "ಮುಂದೂಡಲಾಗಿದೆ" ಎಂದು ದಾಖಲಿಸಿದರೆ ವರದಿಯಲ್ಲಿ ತಪ್ಪಿದ್ದು ಸೊನ್ನೆ. ಸರಾಸರಿ ಕೇಳಬೇಡಿ. 45 ನಿಮಿಷದ ಭೇಟಿ ಎಷ್ಟು ಸಲ 25ರೊಳಗೆ ಮುಗಿಯಿತು ಎಂದು ಕೇಳಿ. ಮೊಟಕಾಗುವುದಕ್ಕೆ ಸೋಮಾರಿತನ ಅಪರೂಪದ ಕಾರಣ. ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುವ ದಾರಿಯ ಸಮಯವನ್ನು ಡ್ಯೂಟಿ ಪಟ್ಟಿಯಲ್ಲಿ ಹಾಕದೇ ಇರುವುದು ಮಾಮೂಲಿ ಕಾರಣ. ಇಂಗ್ಲೆಂಡಿನ ನೈಸ್ ಸಂಸ್ಥೆ 2015ರ ಮಾರ್ಗಸೂಚಿಯಲ್ಲಿ, ಅರ್ಧ ಗಂಟೆಗಿಂತ ಚಿಕ್ಕ ಭೇಟಿ ಬೇಕಿದ್ದರೆ ಆರೈಕೆಗಾರರು ಪರಿಚಿತರಾಗಿರಬೇಕು, ಕೆಲಸ ಆ ಸಮಯದಲ್ಲಿ ಮುಗಿಯುವಂಥ ನಿರ್ದಿಷ್ಟ ಕೆಲಸವಾಗಿರಬೇಕು, ದೊಡ್ಡ ಆರೈಕೆಯ ಭಾಗವಾಗಿರಬೇಕು ಎಂದು ಕಟ್ಟುಪಾಡು ಹಾಕಿದೆ. ಅಮೆರಿಕದಲ್ಲಿ 2016ರ ಕಾನೂನಿನಡಿ, ಸರ್ಕಾರಿ ಮೆಡಿಕೇಡ್ ಯೋಜನೆಯ ಮನೆ ಆರೈಕೆ ಭೇಟಿಗೆ ಯಾವ ಸೇವೆ, ಯಾರಿಗೆ, ಯಾರಿಂದ, ಯಾವ ದಿನ, ಎಲ್ಲಿ, ಯಾವಾಗ ಶುರು ಯಾವಾಗ ಮುಗಿಯಿತು ಎಂದು ಎಲೆಕ್ಟ್ರಾನಿಕ್ ದಾಖಲೆ ಬೇಕು. ಒಳ್ಳೆಯದೇ. ಆದರೆ ಅದು ಸಾಬೀತು ಮಾಡುವುದು ಆರೈಕೆಗಾರರು ಮನೆಯಲ್ಲಿದ್ದರು ಎಂಬುದನ್ನಷ್ಟೇ, ಏನು ಮಾಡಿದರು ಎಂಬುದನ್ನಲ್ಲ.

ಸಂಸ್ಥೆಯನ್ನೇ ಅಳೆಯುವಾಗ

ಹಲವು ಮನೆಗಳ ಅಂಕಿಗಳನ್ನು ಸೇರಿಸುವಾಗ ಬರೀ ಎಣಿಕೆಗೆ ಅರ್ಥವಿಲ್ಲ, ಆರೈಕೆಯ ದಿನಗಳಿಂದ ಭಾಗಿಸಬೇಕು. 60 ಮಂದಿ, 30 ದಿನ, ಎಂದರೆ 1,800 ಆರೈಕೆ ದಿನ. ನಾಲ್ಕು ಮಂದಿ ಬಿದ್ದರೆ ಸಾವಿರ ದಿನಕ್ಕೆ 2.2. ಹುಣ್ಣುಗಳಲ್ಲಿ ಆಸ್ಪತ್ರೆಯಿಂದ ಬಂದದ್ದೆಷ್ಟು, ಸೇವೆ ಶುರುವಾದ ಮೇಲೆ ಆದದ್ದೆಷ್ಟು ಎಂದು ಬೇರ್ಪಡಿಸಬೇಕು. ಮೊದಲ ದಿನದ ಚರ್ಮ ಪರೀಕ್ಷೆ ಇಲ್ಲದಿದ್ದರೆ ಬೇರ್ಪಡಿಸಲಾಗದು. ತೂಕ ಒಂದು ತಿಂಗಳಲ್ಲಿ 5% ಅಥವಾ ಆರು ತಿಂಗಳಲ್ಲಿ 10% ಇಳಿದವರ ಪಟ್ಟಿ ಕೇಳಿ, ಪ್ರತಿಯೊಬ್ಬರಿಗೂ ಏನು ಮಾಡಿದರು ಎಂದು ಕೇಳಿ. ಹಾಸಿಗೆ ಹಿಡಿದವರನ್ನು ಸೇರಿಸಿಕೊಳ್ಳದ ಸಂಸ್ಥೆಯ ಅಂಕಿ ಯಾವಾಗಲೂ ಚಂದ, ಆದ್ದರಿಂದ ಹೋಲಿಸುವ ಮೊದಲು ಬಾರ್ತೆಲ್ ಅಂಕದ ಮೇಲೆ ಗುಂಪು ಮಾಡಿ.

"ನಮ್ಮಲ್ಲಿ ಕಳೆದ ವರ್ಷ ಒಂದೂ ಅವಘಡ ಇಲ್ಲ" ಎನ್ನುವ ಸಂಸ್ಥೆಯನ್ನು ಕಂಡರೆ ನಮಗೆ ಭಯ. ಬೀಳುವುದರಲ್ಲಿದ್ದು ತಪ್ಪಿತು, ಬೇರೆ ಮಾತ್ರೆ ಕೈಗೆ ಬಂದಿತ್ತು ಕೊಡುವ ಮೊದಲು ನೋಡಿದೆ ಎಂಬಂಥ ವರದಿಗಳು ಸಾಕಷ್ಟು ಬರುತ್ತಿದ್ದರೆ ಅಲ್ಲಿ ಹೇಳಿದವರಿಗೆ ಶಿಕ್ಷೆಯಿಲ್ಲ ಎಂದರ್ಥ. ಹೇಳಿದ್ದಕ್ಕೆ ಸಂಬಳ ಕಡಿತವಾಗುವ ಕಡೆ ಯಾರೂ ಬಾಯಿ ಬಿಡುವುದಿಲ್ಲ, ಚಾರ್ಟ್ ಮಾತ್ರ ತುಂಬುತ್ತಾ ಹೋಗುತ್ತದೆ.

ಉಪನ್ಯಾಸದ ನಂತರ ಬಂದ ಎರಡು ಪ್ರಶ್ನೆಗಳು

ತೊಂದರೆ ಕಂಡಾಗ ಆರೈಕೆಗಾರರನ್ನು ಬದಲಿಸಬೇಕೇ, ಸಂಸ್ಥೆಯನ್ನೇ ಬದಲಿಸಬೇಕೇ?

ತಪ್ಪನ್ನು ಕೂಡಲೇ ಹೇಳಿದ ಆರೈಕೆಗಾರರನ್ನು ಕಳೆದುಕೊಳ್ಳಬೇಡಿ; ಅವರಿಗೆ ತರಬೇತಿ ಕೊಡಿಸಿ. ಸುಳ್ಳು ನಮೂದು ಕಂಡರೆ ಮೊದಲು ಮೇಲ್ವಿಚಾರಕರ ಮುಂದಿಟ್ಟು ಅವರು ಏನು ಮಾಡುತ್ತಾರೆ ನೋಡಿ. "ಬೇರೆಯವರನ್ನು ಕಳಿಸುತ್ತೇವೆ" ಎಂಬುದೊಂದೇ ಉತ್ತರವಾದರೆ, ಡ್ಯೂಟಿ ಹಾಕುವ ರೀತಿ ಬದಲಾಗುವುದಿಲ್ಲ, ಮುಂದೆ ಬರುವವರೂ ಅದನ್ನೇ ಮಾಡುತ್ತಾರೆ. ಆಗ ಸಂಸ್ಥೆ ಬದಲಿಸಿ. ತೋಳಿನ ಒಳಬದಿಯಲ್ಲಿ ಬೆರಳಚ್ಚಿನಂಥ ಕಂದುಗಟ್ಟಿದ ಗುರುತು, ಆರೈಕೆಗಾರರ ಕೈ ಹತ್ತಿರ ಬಂದಾಗ ರೋಗಿ ಬೆಚ್ಚಿ ಹಿಂಜರಿಯುವುದು, ಲೆಕ್ಕ ಸಿಗದ ನಿದ್ದೆ ಮಾತ್ರೆ, ಇವು ಕಂಡರೆ ಚರ್ಚೆಗೆ ಕಾಯಬೇಡಿ. ಅಂದೇ ಆ ಆರೈಕೆಗಾರರನ್ನು ನಿಲ್ಲಿಸಿ, ವೈದ್ಯರಿಂದ ಪರೀಕ್ಷೆ ಮಾಡಿಸಿ, ಫೋಟೋ ಮತ್ತು ದಿನಾಂಕ ಇಟ್ಟುಕೊಂಡು ದೂರು ಕೊಡಿ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ಸಣ್ಣ ಒತ್ತಡಕ್ಕೂ ಕಂದುಗಟ್ಟುತ್ತದೆ, ಅದಕ್ಕೇ ವೈದ್ಯರ ಪರೀಕ್ಷೆ ಮೊದಲು.

ಕೋಣೆಯಲ್ಲಿ ಕ್ಯಾಮೆರಾ ಇಟ್ಟರೆ ಇಷ್ಟೆಲ್ಲ ಬೇಕೇ?

ರೋಗಿಗೆ ತಿಳುವಳಿಕೆ ಇದ್ದರೆ ಮೊದಲು ಅವರ ಒಪ್ಪಿಗೆ ಬೇಕು, ಯಾಕೆಂದರೆ ಅವರ ಸ್ನಾನ, ಶೌಚ ನಡೆಯುವುದು ಅದೇ ಕೋಣೆಯಲ್ಲಿ. ಆರೈಕೆಗಾರರಿಗೂ ಮೊದಲೇ ತಿಳಿಸಿರಬೇಕು. ಹೊಡೆತ ಬಡಿತ, ಖಾಲಿ ಬಿಟ್ಟುಹೋದ ಗಂಟೆಗಳು ಕ್ಯಾಮೆರಾದಲ್ಲಿ ಸಿಗುತ್ತವೆ. ಹಿಮ್ಮಡಿಯ ಬಿಸಿ, ಕೆನ್ನೆಯೊಳಗಿನ ಮಾತ್ರೆ, ಪುಡಿ ಮಾಡಬಾರದ್ದನ್ನು ಪುಡಿ ಮಾಡಿದ್ದು ಸಿಗುವುದಿಲ್ಲ. ಅದಕ್ಕಿಂತ ಮೊದಲ ದಿನ, ಮೂರನೆಯ ದಿನ, ಎರಡು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ನರ್ಸ್ ಒಬ್ಬರು ಬಂದು ಚರ್ಮ, ಬಾಯಿ, ತೂಕ, ಸ್ಟ್ರಿಪ್, ರಿಜಿಸ್ಟರ್ ನೋಡಲಿ. ಅವುಗಳಲ್ಲಿ ಒಂದು ಭೇಟಿ ಭಾನುವಾರ ಸಂಜೆ ಇರಲಿ, ಹೇಳದೆ.